ಒಂದು ಹೆಂಚಿನ ಬಾಕಿ

ಚಳಿ ಕಾಲು ತೆಗೆದಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಕುರಿಗಳ ಮೈಮೇಲಿಂದ ಇಳಿದ ಉಣ್ಣೆ ತೊಳೆಸಿಕೊಂಡು, ಬೇಲಿಯ ಮೇಲೆ ಒಣಗಿ, ಹಿಂಜಿಸಿಕೊಂಡು, ನೂಲಾಗಿ, ಉಂಡೆ ಉಂಡೆಯಾಗಿ ಮಗ್ಗದ ಸುತ್ತ ಬಂದು ಕೂತಿತ್ತು. ಮಳೆಗಾಲ ಬಾಗಿಲು ತಟ್ಟುವ ಮೊದಲು ಅಷ್ಟನ್ನೂ ನೇಯ್ದು ಮುಗಿಸಬೇಕು. ಕಂಬಳಿಯಕ್ಕ ಕಸ ಗುಡಿಸಿ, ಒಂದು ಲೋಟ ಟೀ ಕುಡಿದು, ಆಗಲೇ ಕುಣಿಗೆ ಇಳಿದಿದ್ದಳು. ತಮ್ಮ ಅವಳನ್ನು ಅಕ್ಕ ಎನ್ನುತ್ತಿದ್ದ. ಬೀದಿಯವರು ಆ ಅಕ್ಕನಿಗೆ ಒಂದು ಕಂಬಳಿ ಹೊದಿಸಿದ್ದರು, ಅಷ್ಟೆ.

ಅವಳದು ಕುಣಿಮಗ್ಗ. ನೆಲದಲ್ಲಿ ತೊಡೆಮಟ್ಟದ ಕುಣಿ ತೋಡಿ, ಅದರ ಅಂಚಿನಲ್ಲಿ ಕೂತು, ಕಾಲು ಕೆಳಗೆ ಇಳಿಬಿಟ್ಟು ಮಣೆ ತುಳಿಯುತ್ತ ನೇಯುವ ಮಗ್ಗ. ಅದರ ಗೂಟಗಳು ಬೇರು ಬಿಟ್ಟ ಮರಗಳ ಹಾಗೆ ನೆಲ ಹಿಡಿದಿದ್ದವು. ಮಂಚ ಎಳೆದ ಹಾಗೆ ಅದನ್ನು ಕಿಟಕಿಯ ಹತ್ತಿರಕ್ಕೆ ಎಳೆಯುವಂತಿರಲಿಲ್ಲ. ಮಗ್ಗ ಬೆಳಕನ್ನು ಹುಡುಕಿಕೊಂಡು ಹೋಗಲಾರದು. ಬೆಳಕೇ ಮಗ್ಗವನ್ನು ಹುಡುಕಿಕೊಂಡು ಬರಬೇಕು.

ಬರುತ್ತಿತ್ತು ಕೂಡ. ಮಗ್ಗದ ನೆತ್ತಿಗೆ ಸರಿಯಾಗಿ, ಮಾಡಿನಲ್ಲಿ, ಒಂದು ಹೆಂಚು ಇರಲಿಲ್ಲ. ಬೆಳಿಗ್ಗೆ ಆ ಕಂಡಿಯಿಂದ ಇಳಿದ ಬೆಳಕು ಪಡುವಣ ಗೋಡೆಯ ಮೇಲೆ ಒಂದು ಕರವಸ್ತ್ರದಷ್ಟಾಗಿ ಬೀಳುತ್ತಿತ್ತು. ಅಲ್ಲಿಂದ ಗೋಡೆ ಇಳಿದು, ನೀರಿನ ಹಂಡೆಯನ್ನು ಮುಟ್ಟಿ, ನೆಲದ ಮೇಲೆ ಮಗುವಿನ ಹಾಗೆ ಅಂಬೆಗಾಲಿಟ್ಟು, ಹೊತ್ತು ಏರಿದಂತೆ ಮಗ್ಗ ಹತ್ತಿ ಅವಳ ಕೈಗಳ ಮೇಲೆ ಬಂದು ಕೂರುತ್ತಿತ್ತು. ಆಮೇಲೆ ಬಹಳ ಹೊತ್ತು ಎದ್ದೇಳುತ್ತಿರಲಿಲ್ಲ. ಉಣ್ಣೆಯ ಎಳೆಗಳು ಆ ಬೆಳಕಿನ ಕಂಬದೊಳಗೆ ನೀರಲ್ಲಿ ಮೀನು ತೇಲಿದ ಹಾಗೆ ಮೇಲಕ್ಕೂ ಕೆಳಕ್ಕೂ ತೇಲುತ್ತಿದ್ದವು. ಲಾಳಿ ಅತ್ತ ಹೋಗಿ ಇತ್ತ ಬರುತ್ತಿತ್ತು. ತಾನು ನೇಯುತ್ತಿದ್ದೇನೋ, ತನ್ನನ್ನೇ ಯಾರೋ ನೇಯುತ್ತಿದ್ದಾರೋ ಎನ್ನುವಂಥ ಒಂದು ಮಂಪರು ಅವಳಿಗೆ ಆಗ ಬರುತ್ತಿತ್ತು. ಮಂಪರಾದರೂ ಕೈ ತಪ್ಪುತ್ತಿರಲಿಲ್ಲ.

ಆ ಕಂಡಿ ಅಪ್ಪನ ಜಾಣತನವೆಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಅಪ್ಪನೇ ಹಾಗೆ ಹೇಳಿದ್ದ: "ಬೆಳಕಿನ ಕಂಡಿ ಇದು. ನಾನೇ ಬಿಡಿಸಿದ್ದು." ಮಳೆ ಬಂದರೆ ಮುಚ್ಚುವುದಕ್ಕೆ ಒಂದು ಹಲಗೆ ಮಾಡಿ, ಹಗ್ಗ ಕಟ್ಟಿ, ಕೆಳಗಿನಿಂದಲೇ ಎಳೆಯುವ ಹಾಗೆ ಇಟ್ಟಿದ್ದ. ಮಳೆಗಾಲವೆಲ್ಲ ಹಲಗೆ ಮುಚ್ಚಿ ಮನೆಯವರು ನೂಲುತ್ತಿದ್ದರು. ಮಳೆ ನಿಂತ ಮೇಲೆ ಹಲಗೆ ಸರಿಸಿ ನೇಯುತ್ತಿದ್ದರು. ಅಪ್ಪ ಹೋದ ಮೇಲೂ ಆ ಕ್ರಮ ಹಾಗೇ ಉಳಿದಿತ್ತು.

ಈ ಸಲ ಮಾತ್ರ ಬೆಳಕಿನ ಜೊತೆ ಇನ್ನೂ ಏನೋ ಇಳಿಯುತ್ತಿತ್ತು. ಕಂಬಳಿಯಕ್ಕ ಕೈ ನಿಲ್ಲಿಸಿ ಕರಿಯ ನೇಯ್ಗೆಯ ಮೇಲೆ ಬೆರಳಾಡಿಸಿದಳು. ಜರಡಿ ಹಿಡಿದ ಹಿಟ್ಟಿನಂಥ ಹಳದಿ ಪುಡಿ. ಊದಿದಳು, ಹಾರಿತು. ಮತ್ತೆ ಬಿತ್ತು. ತಲೆ ಎತ್ತಿ ನೋಡಿದರೆ ಮಾಡು ಹೊತ್ತ ಮರದ ಪಕಾಸುಗಳು ಹೊಟ್ಟೆ ಇಳಿಬಿಟ್ಟುಕೊಂಡು ಮಲಗಿದ್ದವು. ಗೆದ್ದಲು ಒಳಗೆಲ್ಲ ತಿಂದು ಮುಗಿಸಿ, ಮರ್ಯಾದೆಗೆ ಹೊರಗಿನ ಸಿಪ್ಪೆಯನ್ನು ಬಿಟ್ಟಿತ್ತು.

"ನೋಡ್ತಾನೇ ಇರು ನೀನು," ಎಂದ ತಮ್ಮ ಬಾಗಿಲಲ್ಲಿ ನಿಂತು. ಅವನು ಟೆಂಪೊ ಓಡಿಸುತ್ತಿದ್ದ. ಹೊರಡುವ ಮೊದಲು ಅಕ್ಕನ ಜೊತೆ ಒಂದು ಜಗಳ ಮುಗಿಸಿ ಹೋಗುವುದು ಅವನಿಗೆ ರೂಢಿ. "ನಿನ್ನೆ ಹಾಸಿಗೆ ಮೇಲೆ ಅರ್ಧ ಹೆಂಚು ಬಿದ್ದಿದೆ. ನನ್ನ ಹೆಂಡ್ತಿ ಆಗ ತಾನೇ ಎದ್ದು ಹೋಗಿದ್ಲು, ಬಚಾವು. ಇನ್ನೊಂದು ಮಳೆ ತಡೆಯಲ್ಲ ಈ ಮಾಡು. ಪೂರ್ತಿ ಕಿತ್ತು ಶೀಟ್ ಹಾಕ್ಸೋಣ. ಬರ್ತಾರೆ, ಮೊಳೆ ಹೊಡೀತಾರೆ, ಹೋಗ್ತಾರೆ."

"ಶೀಟ್ ಹಾಕಿದ್ರೆ ನನ್ನ ಬೆಳಕು?"

"ಬಲ್ಬ್ ಹಾಕ್ಸಿ ಕೊಡ್ತೀನಿ. ಎರಡು ಹಾಕ್ಸಿ ಕೊಡ್ತೀನಿ."

"ಬಲ್ಬ್ ಬೆಳಕಲ್ಲಿ ಕರಿ ನೂಲು ಯಾವುದು, ಕಂದು ನೂಲು ಯಾವುದು ಗೊತ್ತಾಗುತ್ತೇನೋ? ನಿನ್ನ ಟೆಂಪೊ ಅಲ್ಲ ಇದು, ದೀಪ ಹಾಕ್ಕೊಂಡು ಹೋಗೋಕೆ."

ಒಳಗಿನಿಂದ ತಮ್ಮನ ಹೆಂಡತಿ ಕೂಗಿದಳು: "ಗಾಜಿನ ಹೆಂಚು ಹಾಕಿಸಬಹುದಲ್ಲಾ ಅಕ್ಕಾ?"

ಕಂಬಳಿಯಕ್ಕ ಆ ದಾರಿಯನ್ನೂ ತುಳಿದು ನೋಡಿದ್ದಳು. ಪಕ್ಕದ ಮನೆಯ ಅಡುಗೆಮನೆಗೆ ಗಾಜಿನ ಹೆಂಚಿತ್ತು. ಯಾರಿಗೂ ಹೇಳದೆ ಎರಡು ಲಡಿ ನೂಲು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಅದರಡಿ ನಿಂತು ಬಿಚ್ಚಿ ನೋಡಿದ್ದಳು. ಒಂದು ಅಪ್ಪಟ ಕರಿ, ಇನ್ನೊಂದು ಬಿಸಿಲಿಗೆ ಕೆಂಪಡರಿದ ಕರಿ. ಗಾಜಿನ ಹಸಿರು ಮಂಕಿನಲ್ಲಿ ಎರಡೂ ಅವಳಿಜವಳಿ ಮಕ್ಕಳ ಹಾಗೆ ಕಂಡಿದ್ದವು. ಮೊದಲಾಗಿದ್ದರೆ ಬೆರಳಿಗಾದರೂ ತಿಳಿಯುತ್ತಿತ್ತೋ ಏನೋ. ಈಗ ಕಣ್ಣೂ ಹಳೆಯದಾಗಿತ್ತು. ಬಯಲ ಬೆಳಕು ನೇರವಾಗಿ ಬಿದ್ದರೆ ಮಾತ್ರ ಅದು ಅವಳ ಮಾತು ಕೇಳುತ್ತಿತ್ತು. ಆ ಒಂದು ಹೆಂಚಿನ ಜಾಗ ಮುಚ್ಚಿದರೆ ತನ್ನ ನೇಯ್ಗೆಯೂ ಅವತ್ತಿಗೇ ಮುಗಿಯಿತು. ಅದು ಅವಳಿಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ.

"ಮಾಡು ಬದಲಾಯಿಸೋದು ಬೇಡ ಅಂತ ನಾನು ಅಂದ್ನಾ?" ಎಂದಳು ಕೊನೆಗೆ. "ಹೆಂಚೇ ಇರಲಿ. ಪಕಾಸು, ಹೆಂಚು ಕೂರೋ ರೀಪು ಎಲ್ಲ ಹೊಸದು ಹಾಕಿಸೋಣ. ಹೆಂಚಿನ ಮೇಸ್ತ್ರಿ ನಾನು ಹುಡುಕ್ತೀನಿ. ಸಿಗಲಿಲ್ವಾ, ನಿನ್ನ ಶೀಟ್ ತಂದು ಬಡ್ಕೋ."

ತಮ್ಮ ಅದಕ್ಕೆ ಒಪ್ಪಿದ. ಹೆಂಚು ಹೊದಿಸುವವರು ಈಗೆಲ್ಲಿ ಸಿಗುತ್ತಾರೆ ಎಂಬ ಧೈರ್ಯ ಅವನಿಗೆ.

ಸಂತೆಬೀದಿಯ ಆಚೆಯಿಂದ ಒಬ್ಬ ದಪ್ಪ ಮೇಸ್ತ್ರಿ ಸಿಕ್ಕಿದ. ಬಂದ, ಟೀ ಕುಡಿದ, ಏಣಿ ಕಿರುಗುಟ್ಟುವಂತೆ ಹತ್ತಿದ. ಮೇಲೆ ಸ್ವಲ್ಪ ಹೊತ್ತು ಓಡಾಡಿದ ಸದ್ದು. ಆಮೇಲೆ ಕಂಡಿಯಲ್ಲಿ ಅವನ ಮುಖ ಕಾಣಿಸಿತು. ಬೆಳಕು ಪೂರಾ ಮುಚ್ಚಿಹೋಯಿತು. ಅವನ ಕೈ ರೀಪಿನ ಮೇಲೆ ಏನನ್ನೋ ತಡವಿತು. ಮರುಗಳಿಗೆಯಲ್ಲಿ ಹತ್ತಿದ್ದಕ್ಕಿಂತ ಬೇಗ ಇಳಿದಿದ್ದ.

"ಇದನ್ನ ನಾನು ಮುಟ್ಟಲ್ಲಮ್ಮ."

"ಯಾಕೆ, ಅಷ್ಟು ಹಾಳಾಗಿದ್ಯಾ?"

"ಹಾಳಾಗಿದ್ರೆ ಮುಟ್ತಿದ್ದೆ. ಬಾಕಿ ಇದೆ." ಅವನು ಧ್ವನಿ ತಗ್ಗಿಸಿದ. "ಆ ಕಂಡಿ ಪಕ್ಕ ರೀಪಿಗೆ ಹಗ್ಗದ ಗಂಟು ಹಾಕಿದೆ, ನೋಡಿಲ್ವಾ? ಹೆಂಚು ಹೊದಿಸಿದವನಿಗೆ ಒಪ್ಪಿಕೊಂಡಿದ್ದು ಸಲ್ಲದೆ ಹೋದ್ರೆ, ಅವನು ಕೊನೇ ಹೆಂಚು ಕೂರಿಸದೆ ಗಂಟು ಹಾಕಿ ಇಳೀತಾನೆ. ಬಾಯಿ ಬಿಟ್ಟು ಕೇಳಲ್ಲ. ಆ ಗಂಟು ಅವನೋ ಅವನ ಮನೆಯವರೋ ಬಿಚ್ಚಬೇಕು. ಇನ್ನೊಬ್ಬ ಮೇಸ್ತ್ರಿ ಕೈ ಹಾಕಿದ್ರೆ, ಆಮೇಲೆ ನಮ್ಮವರು ಯಾರೂ ಅವನ ಜೊತೆ ಏಣಿ ಹಿಡಿಯಲ್ಲ. ಇದು ಬೆಕ್ಕು ಮೇಸ್ತ್ರಿ ಹಾಕಿದ ಗಂಟು. ಅವನ ಮಗ ಇದಾನೆ, ಮರಿಬೆಕ್ಕು. ಅವನನ್ನೇ ಹಿಡೀರಿ."

ಮೇಸ್ತ್ರಿ ಹೋದ ಮೇಲೆ ಕಂಬಳಿಯಕ್ಕ ಕುಣಿಯ ಅಂಚಿನಲ್ಲಿ ಕೂತು ಮೇಲೆ ನೋಡಿದಳು. ಬುದ್ಧಿ ಬಂದಾಗಿನಿಂದ ನೋಡಿದ ಕಂಡಿ. ಅದರ ಅಂಚಿನಲ್ಲಿ, ಹೌದು, ಕಣಜದ ಹುಳದ ಗೂಡಿನ ಹಾಗೆ ಕರ್ರಗೆ ಒಂದು ಗಂಟು. ಅದನ್ನು ಕಣಜದ ಗೂಡೆಂದೇ ತಿಳಿದಿದ್ದಳು.

*

ಮರಿಬೆಕ್ಕು ಸಿಕ್ಕಿದ್ದು ಹಿಟ್ಟಿನ ಗಿರಣಿಯ ಮಾಡಿನ ಮೇಲೆ. ಮೀಸೆ ನರೆತ ಮರಿ. ಅವನಪ್ಪ ಹೆಂಚಿನ ಮೇಲೆ ನಡೆದರೆ ಕೆಳಗಿದ್ದವರಿಗೆ ಸದ್ದೇ ಕೇಳದೆಂದು ಜನ ಬೆಕ್ಕು ಎಂದಿದ್ದರು. ಮಗನಿಗೆ ಆ ಹೆಸರು ಆಸ್ತಿಯ ಹಾಗೆ ಬಂದಿತ್ತು. ಬಿಸಿಲಲ್ಲಿ ಮಾಡಿನ ತುತ್ತತುದಿಯ ಮೋಂಬಿನ ಮೇಲೆ ಕೂತು, ಒಂದೊಂದೇ ಹೆಂಚನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ, ಏನನ್ನೋ ಕೇಳಿ, ಎಡಕ್ಕೋ ಬಲಕ್ಕೋ ಇಡುತ್ತಿದ್ದ. ಗಿರಣಿಯ ಬಿಳಿಯ ಧೂಳು ಅವನ ಸುತ್ತ ಏಳುತ್ತಿತ್ತು. ಕೆಳಗಿನಿಂದ ನೋಡಿದರೆ ಮೋಡದ ಮೇಲೆ ಕೂತವನೊಬ್ಬ ಹೆಂಚುಗಳ ಕಷ್ಟಸುಖ ವಿಚಾರಿಸುತ್ತಿದ್ದಾನೆ ಎನ್ನಬೇಕು.

"ಮೇಸ್ತ್ರಿ, ನಾನು ಕಂಬಳಿ ನೇಯೋರ ಮನೆಯವಳು."

ಅವನು ತಟ್ಟುವುದನ್ನು ನಿಲ್ಲಿಸಿದ. "ಗೊತ್ತು. ಕಂಡಿ ಮನೆ."

"ಗೊತ್ತಿದ್ದೂ ಇಷ್ಟು ವರ್ಷ ಬರಲಿಲ್ವಲ್ಲ?"

"ನಾವು ಬರಬಾರದು ಅಕ್ಕಾ. ಮಳೆ ಬಂದಾಗಲೆಲ್ಲ ಆ ಕಂಡಿನೇ ಕೇಳುತ್ತೆ. ನಮ್ಮಪ್ಪ ಅಂದ್ಕೊಂಡಿದ್ದ, ಒಂದು ಮಳೆಗಾಲ ಆದ್ಮೇಲೆ ನಿಮ್ಮಪ್ಪ ತಾವಾಗೇ ಬರ್ತಾರೆ ಅಂತ." ಅವನು ನಕ್ಕ. ನಗುವಿನಲ್ಲಿ ಮುಳ್ಳಿರಲಿಲ್ಲ. "ನಿಮ್ಮಪ್ಪ ಹಲಗೆ ಹೊಡೆದು ಕಂಡಿ ಬಾಯಿ ಮುಚ್ಚಿಸಿಬಿಟ್ರು."

"ಏನು ಕೊಡಬೇಕಿತ್ತು ನಮ್ಮಪ್ಪ?"

"ಕಂಬಳಿ. ಮತ್ತೇನು? ಮಾಡು ಹೊದಿಸಿದವನಿಗೆ ಮೈ ಹೊದಿಸೋದು ಅಂತ ಮಾತಾಗಿತ್ತಂತೆ. ನಮ್ಮಪ್ಪನ ಕಂಬಳಿ ಕಥೆ ನಾವು ಮಕ್ಕಳೆಲ್ಲ ಕೇಳಿ ಕೇಳಿ ಬೆಳೆದಿದೀವಿ. ಪೂರ್ತಿ ಕರಿ ಕಂಬಳಿ, ಒಂದೇ ತುದಿಗೆ ಅಂಗೈ ಅಗಲ ಬಿಳಿ ಪಟ್ಟಿ. ಎರಡೂ ಕಡೆ ಅಲ್ಲ, ಒಂದೇ ಕಡೆ. 'ಕತ್ತಲಲ್ಲಿ ಎದ್ರೂ ತಲೆ ಯಾವ ಕಡೆ ಕಾಲು ಯಾವ ಕಡೆ ಗೊತ್ತಾಗಬೇಕು ಕಣ್ರೋ, ಕಾಲಿಗೆ ಹೊದ್ದಿದ್ದನ್ನ ಮುಖಕ್ಕೆ ಎಳ್ಕೋಬಾರದು' ಅನ್ನೋನು. ಬರದೇ ಇರೋ ಕಂಬಳಿಗೆ ಅಷ್ಟು ಮಡಿ!"

ಕಂಬಳಿಯಕ್ಕನ ಕೈ ತನಗೆ ತಾನೇ ಕುತ್ತಿಗೆಯ ಹತ್ತಿರ ಹೋಯಿತು, ಹೊದ್ದ ಕಂಬಳಿಯ ಅಂಚು ಹಿಡಿಯುವ ಹಾಗೆ. ಹಿಡಿಯುವುದಕ್ಕೆ ಅಲ್ಲೇನೂ ಇರಲಿಲ್ಲ.

"ಬಂದು ಒಂದ್ಸಲ ಮಾಡು ನೋಡಿ ಮೇಸ್ತ್ರಿ," ಎಂದಷ್ಟೇ ಹೇಳಿ ಹೊರಟಳು.

ದಾರಿಯುದ್ದಕ್ಕೂ ಅವಳು ನಡೆಯುತ್ತಿದ್ದಳೋ ತೇಲುತ್ತಿದ್ದಳೋ. ಬೀದಿಯ ಎರಡೂ ಕಡೆಯ ಮಾಡುಗಳು ಅವತ್ತು ಅವಳ ಕಣ್ಣಿಗೆ ಬೇರೆಯಾಗಿ ಕಂಡವು. ಸಾಲು ಸಾಲು ಹೆಂಚು, ಒಂದರ ತುಟಿ ಇನ್ನೊಂದರ ಮೇಲೆ. ಯಾರೋ ದೊಡ್ಡ ಕೈಯವರು ಕೂತು ನೇಯ್ದು, ಮನೆಮನೆಗೂ ಹೊದಿಸಿ ಹೋದ ಹಾಗೆ. ತಮ್ಮ ಮನೆಯ ನೇಯ್ಗೆಯಲ್ಲಿ ಮಾತ್ರ ಒಂದು ಎಳೆ ಬಿಟ್ಟುಹೋಗಿತ್ತು. ಬಿಟ್ಟುಹೋದ ಆ ಎಳೆಯಿಂದಲೇ ಇಷ್ಟು ಕಾಲ ಮನೆ ನಡೆದಿತ್ತು.

ಮನೆಗೆ ಬಂದವಳೇ ತನ್ನ ಹಾಸಿಗೆ ಬಿಚ್ಚಿದಳು. ಮಡಿಸಿಟ್ಟ ಕಂಬಳಿಯನ್ನು ತಂದು ಕಂಡಿಯ ಬೆಳಕಿನಡಿ ಹರಡಿದಳು. ಕರಿ. ಒಂದೇ ತುದಿಗೆ ಬಿಳಿ ಪಟ್ಟಿ. ಚಿಕ್ಕವಳಿದ್ದಾಗ ಅದು ಮೈಗೆ ಎರಡು ಸುತ್ತು ಬರುತ್ತಿತ್ತು. ಆ ಬಿಳಿ ಪಟ್ಟಿಯನ್ನು ಮೂಗಿಗೆ ಎಳೆದುಕೊಂಡು ಮಲಗಿದರೆ ಯಾವ ಕೆಟ್ಟ ಕನಸೂ ಒಳಗೆ ಬರುತ್ತಿರಲಿಲ್ಲ. ಅಪ್ಪ ಮಗಳಿಗೆಂದೇ ನೇಯ್ದದ್ದೆಂದು ತಿಳಿದು ಜೀವಮಾನವೆಲ್ಲ ಹೊದ್ದಿದ್ದಳು. ಈಗ ಅಂಚು ಸವೆದು, ನಡುವೆ ಬಲೆಯಾಗಿತ್ತು.

ಅಪ್ಪ ಆ ಕಂಬಳಿಯನ್ನು ಹೇಗೆ ನೇಯ್ದಿರಬಹುದು ಎನ್ನುವುದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ತೋರಿತು. ಮಾತಿನಂತೆ ಮಗ್ಗಕ್ಕೆ ಹಾಸು ಹೂಡಿದ್ದಾನೆ. ಹೊಸ ಮಾಡು, ಒಂದು ಹೆಂಚಿನ ಕಂಡಿ, ಅದರಿಂದ ಬೆಳಕು ಬಂದು ಕೈಮೇಲೆ ಕೂತಿದೆ. ಹುಟ್ಟಿದಾಗಿನಿಂದ ಚಿಮಣಿ ದೀಪದ ಮಂಕಿನಲ್ಲಿ ನೇಯ್ದವನಿಗೆ ತನ್ನ ನೇಯ್ಗೆ ಮೊದಲ ಸಲ ಕಂಡಿದೆ. ಕಂಬಳಿ ಮುಗಿದ ದಿನ ಅದನ್ನು ಕೊಯ್ದು, ಮಡಿಸಿ, ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೂ ಹೋಗಿರಬೇಕು. ಕೊಟ್ಟರೆ ಬೆಕ್ಕು ಬಂದು ಹೆಂಚು ಕೂರಿಸಿಬಿಡುತ್ತಾನೆ. ಅಪ್ಪ ಹಿಂತಿರುಗಿ ಬಂದು, ತೊಟ್ಟಿಲಿನಿಂದ ಆಗ ತಾನೇ ನೆಲಕ್ಕಿಳಿದ ಮಗಳ ಮೇಲೆ ಅದನ್ನು ಹೊದಿಸಿದ್ದಾನೆ.

ಸಿಟ್ಟು ಬರಲೆಂದು ಕಾದಳು. ಬರಲಿಲ್ಲ. ಬಂದದ್ದು ಒಂದು ಥರದ ನಾಚಿಕೆ, ಅದರೊಳಗೆ ಸ್ವಲ್ಪ ನಗು. ಯಾರ ಹಂಗೂ ಇಲ್ಲದೆ, ಯಾರ ಋಣವನ್ನೂ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳದೆ ಬದುಕಿದವಳು ತಾನೆಂದು ಬೀದಿಯಲ್ಲಿ ತಲೆ ಎತ್ತಿ ನಡೆದಿದ್ದಳು. ಹೊದ್ದು ಮಲಗಿದ್ದೇ ಬೇರೆಯವರ ಕಂಬಳಿ.

*

ಮರುದಿನ ಮರಿಬೆಕ್ಕು ಬಂದ. ಏಣಿ ಹತ್ತಿದ್ದು ಕೇಳಿಸಿತು. ಆಮೇಲೆ ಮೇಲೆ ಯಾರೂ ಇಲ್ಲದ ಹಾಗೆ. ಒಮ್ಮೆ ಮೋಂಬಿನ ಕಡೆಯಿಂದ, ಒಮ್ಮೆ ಸೂರಿನ ಕಡೆಯಿಂದ ಹೆಂಚು ತಟ್ಟುವ ಸಣ್ಣ ಸದ್ದು ಮಾತ್ರ ಬರುತ್ತಿತ್ತು. ಇಳಿದು ಬಂದು ಕೈ ಒರೆಸಿಕೊಂಡ.

"ಹೆಂಚು ಗಟ್ಟಿ ಇವೆ. ಒಡೆದಿದ್ದನ್ನ ಬಿಟ್ರೆ ಉಳಿದದ್ದು ನನಗಿಂತ ಹೆಚ್ಚು ಬಾಳ್ತವೆ. ಮರ ಒಂದೂ ಉಳಿಯಲ್ಲ. ಪಕಾಸು ಸೌತೆಕಾಯಿ ಥರ ಮುರಿಯುತ್ತೆ. ಪೂರ್ತಿ ಇಳಿಸಿ ಹೊಸ ಮರ ಹಾಕಬೇಕು."

ತಮ್ಮ ಅಲ್ಲೇ ಇದ್ದ. "ಶೀಟ್‌ನವರು ಎರಡೇ ದಿನ ಅಂತಾರೆ."

"ಅಂತಾರೆ ಅಣ್ಣ. ಮಳೆ ಬಂದ್ರೆ ಹೆಂಡ್ತಿ ಮಾತು ನಿಮಗೆ ಕೇಳಲ್ಲ, ನಿಮ್ಮ ಮಾತು ಅವರಿಗೆ ಕೇಳಲ್ಲ. ಅದನ್ನೇ ಲಾಭ ಅನ್ನೋರೂ ಇದಾರೆ."

ತಮ್ಮನ ಹೆಂಡತಿ ಒಳಗೆ ಕಿಸಕ್ಕೆಂದಳು.

ಕಂಬಳಿಯಕ್ಕ ಒಳಗೆ ಹೋಗಿ ಕಂಬಳಿ ತಂದು ಮೇಸ್ತ್ರಿಯ ಮುಂದೆ ಇಟ್ಟಳು. ಬಚ್ಚಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. "ಇದು ನಿಮ್ಮಪ್ಪಂದು," ಎಂದಳು. "ನಮ್ಮಪ್ಪ ನೇಯ್ದಿದ್ದ. ಕೊಡಲಿಲ್ಲ. ನಾನು ಹೊದ್ದುಬಿಟ್ಟೆ."

ಅವನು ಕೂತು, ಬಿಳಿ ಪಟ್ಟಿಯನ್ನು ಬೆರಳುಗಳ ನಡುವೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಕಥೆಯಲ್ಲಿ ಕೇಳಿದ ಪ್ರಾಣಿ ಬಂದು ಅಂಗಳದಲ್ಲಿ ಮಲಗಿದರೆ ಹೇಗೆ ನೋಡಬೇಕೋ ಹಾಗೆ.

"ಹಾಗಾದ್ರೆ ಅಪ್ಪ ಸುಳ್ಳು ಹೇಳಿರಲಿಲ್ಲ," ಎಂದ. "ನಾವೆಲ್ಲ ಕಟ್ಟುಕಥೆ ಅಂದ್ಕೊಂಡಿದ್ವಿ."

"ತಗೊಂಡು ಹೋಗಿ."

"ಇದನ್ನಾ? ಬೇಡ ಅಕ್ಕಾ. ನಮ್ಮಪ್ಪ ಹೊದೀಬೇಕಾಗಿದ್ದ ಚಳೀನೆಲ್ಲ ನೀವೇ ಹೊದ್ದು ಮುಗಿಸಿದೀರಿ. ಇದು ನಿಮ್ಮ ಮೈಗೆ ಒಗ್ಗಿದ್ದು." ಅವನು ಕಂಬಳಿಯನ್ನು ಮಡಿಸಿ ಹಿಂದಕ್ಕೆ ಸರಿಸಿದ. "ಹೊಸದು ನೇಯ್ದು ಕೊಡಿ. ನೀವು ಹಾಸು ಹೂಡಿ, ನಾನು ಏಣಿ ಹೂಡ್ತೀನಿ. ಮಾಡೂ ಮುಗೀಲಿ, ಕಂಬಳೀನೂ ಮುಗೀಲಿ. ಅದು ನನ್ನ ಕೈಗೆ ಬಂದ ದಿನ ಗಂಟು ಬಿಚ್ಚಿ ಕೊನೇ ಹೆಂಚು ಕೂರಿಸ್ತೀನಿ."

"ಕೊನೇ ಹೆಂಚು ಕೂರಿಸಲೇಬೇಕಾ?" ಕೇಳಬಾರದೆಂದುಕೊಂಡಿದ್ದು ಬಾಯಿಗೆ ಬಂದೇಬಿಟ್ಟಿತು.

ಅವನು ಮೇಲೆ ನೋಡಿದ, ಕಂಡಿಯನ್ನು. ಕೆಳಗೆ ನೋಡಿದ, ಮಗ್ಗವನ್ನು. ಅರ್ಥವಾಯಿತೆಂದು ಕಾಣುತ್ತದೆ. ಆದರೂ ತಲೆ ಅಲ್ಲಾಡಿಸಿದ. "ಬಾಕಿ ಇಲ್ಲದ ಮನೆಗೆ ಕಂಡಿ ಬಿಟ್ಟು ಇಳಿದ್ರೆ ನನ್ನನ್ನ ಮೇಸ್ತ್ರಿ ಅಂತ ಯಾರು ಅಂತಾರೆ ಅಕ್ಕಾ? ಬಾಕಿ ಇದ್ರೆ ಬಿಡಬಹುದು. ಬಾಕಿ ತೀರಿದ್ರೆ ಕೂರಿಸಲೇಬೇಕು. ನನ್ನ ಕೈಲಿಲ್ಲ ಅದು."

"ಆಯ್ತು," ಎಂದಳು ಕಂಬಳಿಯಕ್ಕ. ಅಪ್ಪನ ಹಾಗೆ ಬಾಗಿಲವರೆಗೂ ಹೋಗಿ ಹಿಂತಿರುಗುವುದು ತನ್ನಿಂದಾಗದು. ತಮ್ಮನ ಹೆಂಡತಿಯ ತಲೆಯ ಮೇಲೆ ಪಕಾಸು ಬೀಳಿಸುವುದೂ ಆಗದು. ಈ ಬೆಳಕಿನಲ್ಲಿ ಕೊನೆಯದಾಗಿ ನೇಯುವುದು ಅದರ ಸಾಲದ ಕಂಬಳಿಯೇ ಆಗಲಿ.

*

ಹೆಂಚು ಇಳಿಯತೊಡಗಿತು. ಮರಿಬೆಕ್ಕು ಮೋಂಬಿನಿಂದ ಶುರುಮಾಡಿ ಸಾಲು ಸಾಲಾಗಿ ಬಿಡಿಸುತ್ತ ಬಂದ. ತಮ್ಮ ಟೆಂಪೊಗೆ ರಜೆ ಹಾಕಿ ಕೆಳಗೆ ನಿಂತು ಹಿಡಿದುಕೊಂಡ. ಶೀಟಿನ ಮಾತು ಆಮೇಲೆ ಎತ್ತಲಿಲ್ಲ. ಸಾಮಾನು, ಹಾಸಿಗೆ, ಒಲೆ ಎಲ್ಲ ಹಿತ್ತಿಲ ಚಪ್ಪರಕ್ಕೆ ಹೋದವು. ಮಗ್ಗ ಮಾತ್ರ ಎಲ್ಲಿಗೂ ಹೋಗುವಂತಿರಲಿಲ್ಲ. ಕಂಬಳಿಯಕ್ಕನೂ ಹೋಗಲಿಲ್ಲ.

ಕೊಳೆತ ಪಕಾಸುಗಳು ಇಳಿದ ಮೇಲೆ ಮನೆಗೆ ಮಾಡೇ ಇರಲಿಲ್ಲ. ನಾಲ್ಕು ಗೋಡೆ, ಮೇಲೆ ಆಕಾಶ. ಒಂದು ಕರವಸ್ತ್ರದಷ್ಟು ಬೆಳಕನ್ನು ಜೋಪಾನ ಮಾಡಿಕೊಂಡು ಬಂದವಳ ಮೇಲೆ ಮೂಟೆಗಟ್ಟಲೆ ಬೆಳಕು ಸುರಿದುಬಿಟ್ಟಿತು. ಮೊದಲ ದಿನ ಕಣ್ಣು ಬಿಡಲಾಗಲಿಲ್ಲ. ಕರಿ ನೂಲಿನಲ್ಲಿ ನೀಲಿ ಕಂಡಿತು, ಕೆಂಪು ಕಂಡಿತು, ಯಾವುದೋ ಕುರಿ ಯಾವುದೋ ಮುಳ್ಳುಗಿಡಕ್ಕೆ ಉಜ್ಜಿದ ಹಸಿರು ಕಲೆಯೂ ಕಂಡಿತು. ಗೋಡೆಯ ಮೂಲೆಗಳಲ್ಲಿ ಎಂದೂ ಬೆಳಕು ಕಾಣದ ಜೇಡಗಳು ತಬ್ಬಿಬ್ಬಾಗಿ ಓಡಾಡಿದವು. ಒಂದು ಗುಬ್ಬಿ ಬಂದು ಹಾಸಿನ ಮೇಲೆ ಕೂತು, ಇದು ಮನೆಯೋ ಬಯಲೋ ಎಂದು ಕತ್ತು ಕೊಂಕಿಸಿ ನೋಡಿ, ತೀರ್ಮಾನವಾಗದೆ ಹಾರಿತು.

ಹೊಸ ಮರ ಬಂತು. ಮೇಸ್ತ್ರಿ ಮೇಲೆ, ಅವಳು ಕುಣಿಯಲ್ಲಿ. ನಡುವೆ ಮಾತು ಏಣಿಯಿಲ್ಲದೆ ಹತ್ತಿ ಇಳಿಯುತ್ತಿತ್ತು.

"ಎಷ್ಟು ದೂರ ಬಂತು ಅಕ್ಕಾ?"

"ಮೊಣಕಾಲಿನವರೆಗೆ. ನೀವು?"

"ನಾನು ಪಕ್ಕೆಲುಬು ಜೋಡಿಸ್ತಾ ಇದೀನಿ."

ಇನ್ನೊಮ್ಮೆ ಅವನು ಕೇಳಿದ: "ಇದನ್ನ ಮುಚ್ಚಿದ ಮೇಲೆ ಏನು ಮಾಡ್ತೀರಿ?"

"ನೂಲ್ತೀನಿ. ನೂಲೋಕೆ ಕಣ್ಣು ಬೇಡ."

"ನೇಯೋದು?"

"ನೇಯೋದನ್ನ ನೆನೆಸ್ಕೊಳ್ತೀನಿ."

ಮೇಲೆ ಸುತ್ತಿಗೆಯ ಸದ್ದು ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಮೊದಲಿಗಿಂತ ಮೆಲ್ಲಗೆ ಶುರುವಾಯಿತು. ಅವತ್ತಿನಿಂದ ಮೇಸ್ತ್ರಿಯ ಕೆಲಸ ನಿಧಾನವಾದದ್ದನ್ನು ತಮ್ಮನೂ ಕಂಡ. "ಬೆಕ್ಕಲ್ಲ ಇವನು, ಆಮೆ," ಎಂದು ಗೊಣಗಿದ.

ಮಧ್ಯಾಹ್ನ ಊಟವಾದ ಮೇಲೆ ಅವಳು ಕುಣಿಯ ಪಕ್ಕದಲ್ಲೇ, ಹಳೆಯ ಕಂಬಳಿಯ ಮೇಲೆ ಅಡ್ಡಾಗುತ್ತಿದ್ದಳು. ಹೊಸ ಪಕಾಸುಗಳ ನಡುವೆ ಮೋಡಗಳು ಹಾದುಹೋಗುತ್ತಿದ್ದವು, ಹಾಸಿನ ನಡುವೆ ಲಾಳಿ ಹಾದ ಹಾಗೆ, ಅತ್ತಿಂದಿತ್ತ. ಒಂದು ದಿನ ಹಾಗೇ ಕಣ್ಣು ಹತ್ತಿತು. ಅಪ್ಪ ಪಕಾಸಿನ ಮೇಲೆ ಕೂತಿದ್ದ. ಕಾಲು ಮೋಡದೊಳಗೆ ಇಳಿಬಿಟ್ಟು, ಮಣೆ ತುಳಿಯುತ್ತ, ಹೆಂಚು ನೇಯುತ್ತಿದ್ದ. ಪಕ್ಕದಲ್ಲಿ ಎಂದೂ ನೋಡದ ಬೆಕ್ಕು ಮೇಸ್ತ್ರಿ ಕೂತು ಎಳೆ ಎಳೆ ಬಿಡಿಸಿ ಕೊಡುತ್ತಿದ್ದ. ಇಬ್ಬರಿಗೂ ಜಗಳವಿದ್ದಂತೆ ಕಾಣಲಿಲ್ಲ. "ಅಪ್ಪಾ, ಅಲ್ಲೊಂದು ಬಿಟ್ಟೋಯ್ತು," ಎಂದು ಅವಳು ಕೆಳಗಿನಿಂದ ಕೂಗಿದಳು. ಅಪ್ಪ ಬಗ್ಗಿ ನೋಡಿ, ತುಟಿಗೆ ಬೆರಳಿಟ್ಟು, ಸುಮ್ಮನಿರು ಎಂದ. ಬೆಕ್ಕೂ ಸುಮ್ಮನಿರು ಎಂದ. ಎಚ್ಚರವಾದಾಗ ಮುಖದ ಮೇಲೆ ಬಿಸಿಲಿತ್ತು, ಬಾಯಲ್ಲಿ ನಗುವಿತ್ತು. ಯಾಕೆಂದು ಸ್ವಲ್ಪ ಹೊತ್ತು ನೆನಪಾಗಲಿಲ್ಲ.

ಹೆಂಚು ಮತ್ತೆ ಏರತೊಡಗಿತು. ಸೂರಿನಿಂದ ಮೇಲಕ್ಕೆ, ಸಾಲಿಗೊಂದು ಸಾಲಾಗಿ, ಮನೆಯೊಳಗಿನ ಆಕಾಶ ಕಿರಿದಾಗುತ್ತ ಬಂತು. ಬಯಲಾಗಿದ್ದದ್ದು ಹೊಲವಾಯಿತು, ಹೊಲ ಹಾಸಿಗೆಯಾಯಿತು, ಹಾಸಿಗೆ ಟವೆಲಾಯಿತು. ಕತ್ತಲು ತನ್ನ ಹಳೆಯ ಜಾಗಗಳಿಗೆ, ಹಂಡೆಯ ಹಿಂದಕ್ಕೆ, ಬಾಗಿಲ ಸಂದಿಗೆ, ಊರಿಗೆ ಹೋಗಿ ಬಂದವರ ಹಾಗೆ ಮರಳಿ ಬಂದು ಕೂತಿತು. ಅಷ್ಟು ಬೆಳಕು ಕಂಡ ಮೇಲೆ ಈ ನೆರಳು ಹಿತವೆನಿಸಿತು. ಎಲ್ಲ ಕಡೆಯೂ ಬೆಳಕಿದ್ದಾಗ ಕಣ್ಣು ಎಲ್ಲಿಯೂ ನಿಂತಿರಲಿಲ್ಲ. ಈಗ ಅದು ಕಿರಿದಾಗಿ, ಕಿರಿದಾಗಿ, ಒಂದು ದಿನ ಬೆಳಿಗ್ಗೆ ಮತ್ತೆ ಒಂದೇ ಹೆಂಚಿನಷ್ಟಾಗಿ ಅವಳ ಕೈಗಳ ಮೇಲೆ ಬಂದು ಕೂತಿತು. ಕಳೆದುಹೋದ ಆಡು ತಾನಾಗೇ ಮನೆಗೆ ಬಂದ ಹಾಗೆ.

ಅದನ್ನೇ ಇವತ್ತು ಮುಚ್ಚಬೇಕಿತ್ತು.

*

ಕಂಬಳಿ ಕಾಲಿನ ತುದಿಯಿಂದ ಶುರುವಾಗಿ ತಲೆಯ ತುದಿಗೆ ಬಂದಿತ್ತು. ಉಳಿದದ್ದು ಅಂಗೈ ಅಗಲದ ಬಿಳಿ ಪಟ್ಟಿ. ಅದಕ್ಕೆಂದು ಆರಿಸಿ ನೂತ ಬಿಳಿ ಉಂಡೆ ಅವಳ ಮಡಿಲಿನಲ್ಲಿತ್ತು. ಮೇಲೆ ಕಂಡಿಯ ಪಕ್ಕದಲ್ಲಿ ಮರಿಬೆಕ್ಕು ಕೊನೆಯ ಹೆಂಚನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನಿಗೂ ಬೇರೆ ಕೆಲಸ ಉಳಿದಿರಲಿಲ್ಲ. ತಮ್ಮ, ತಮ್ಮನ ಹೆಂಡತಿ ಚಪ್ಪರದಿಂದ ಸಾಮಾನು ಒಳಗೆ ತರುತ್ತಿದ್ದರು.

ಕಂಬಳಿಯಕ್ಕ ಕರಿ ಹೊಕ್ಕಿನ ಕೊನೆಯ ಎಳೆಯನ್ನು ಬಡಿದು ಕೂರಿಸಿದಳು. ಲಾಳಿಯಿಂದ ಕರಿ ನೂಲು ತೆಗೆದಳು. ಬಿಳಿ ಉಂಡೆಯ ತುದಿಯನ್ನು ಬೆರಳಿಗೆ ತೆಗೆದುಕೊಂಡಳು. ಬೆಳಕಿನಲ್ಲಿ ಅದು ಹಾಲಿನ ಎಳೆಯ ಹಾಗೆ ಹೊಳೆಯಿತು. ಇದನ್ನು ಲಾಳಿಗೆ ಸುತ್ತಿದರೆ ಮುಗಿಯಿತು. ಋಣ ತೀರುತ್ತದೆ, ಹೊತ್ತು ಮುಳುಗುವ ಮೊದಲು ತಾನು ಮತ್ತೆ ಯಾರಿಗೂ ಏನೂ ಕೊಡಬೇಕಿಲ್ಲದವಳಾಗಿ, ಕತ್ತಲ ಮಗ್ಗದ ಮುಂದೆ ತಲೆ ಎತ್ತಿ ಕೂರಬಹುದು.

ಕೈ ಅಲ್ಲೇ ನಿಂತಿತು.

ಋಣವಿಲ್ಲದೆ ಬಾಳಿದೆನೆಂದು ತಿಳಿದಿದ್ದ ಆ ಎಲ್ಲ ವರ್ಷವೂ ಅವಳು ಬೆಕ್ಕಿನ ಕಂಬಳಿ ಹೊದ್ದು, ಬೆಕ್ಕಿನ ಕಂಡಿಯ ಕೆಳಗೆ ಕೂತಿದ್ದಳು. ಅದರಿಂದ ಅವಳ ಮೈ ಸವೆದಿರಲಿಲ್ಲ. ಅಪ್ಪ ಮಾಡಿದ್ದು ತಪ್ಪು: ಮಾತಾಡದೆ ಮಾಡಿದ, ಬೆಕ್ಕನ್ನು ಚಳಿಗೆ ಬಿಟ್ಟ. ಎದುರಿಗೆ ನಿಂತು, ಕೊಡುವುದನ್ನು ಕೊಟ್ಟು, ಇಷ್ಟು ಮಾತ್ರ ಉಳಿಸಿಕೊಳ್ಳುತ್ತೇನೆ ಎಂದರೆ?

ಅವಳು ಬಿಳಿ ಉಂಡೆಯನ್ನು ಮೆಲ್ಲಗೆ ಮಡಿಲಿನಿಂದ ತೆಗೆದು, ಮೊಣಕಾಲಿನ ಕೆಳಗೆ, ಕುಣಿಯ ನೆರಳಿನೊಳಗೆ ಇಟ್ಟಳು. ಕತ್ತರಿ ತೆಗೆದುಕೊಂಡಳು. ಹಾಸಿನ ಎಳೆಗಳು ಒಂದೊಂದಾಗಿ ಕಚಕ್ ಕಚಕ್ ಎಂದು ಬಿಟ್ಟುಕೊಂಡವು.

"ಮೇಸ್ತ್ರಿ, ಇಳೀರಿ."

ಅವನು ಹೆಂಚನ್ನು ಅಲ್ಲೇ ಇಟ್ಟು ಇಳಿದು ಬಂದ. ಅವಳು ಕಂಬಳಿಯನ್ನು ಝಾಡಿಸಿ, ತುದಿ ಗಂಟು ಹಾಕಿ, ಎರಡೂ ಕೈಯಲ್ಲಿ ಕೊಟ್ಟಳು. ಒತ್ತಾದ ನೇಯ್ಗೆ. ಆ ತುದಿಯಿಂದ ಈ ತುದಿಯವರೆಗೂ ಕರಿ.

"ಚಳಿಗೆ ಏನೂ ಕಡಿಮೆ ಇಲ್ಲ," ಎಂದಳು ಅವನ ಮುಖವನ್ನೇ ನೋಡುತ್ತ. "ಬಿಳಿ ಪಟ್ಟಿ ಮಾತ್ರ ಬಾಕಿ. ಬಿಳಿ ಉಣ್ಣೆ ಸಾಲಲಿಲ್ಲ."

ಮರಿಬೆಕ್ಕು ಕಂಬಳಿಯನ್ನು ತಿರುಗಿಸಿ ನೋಡಿದ. ಆಮೇಲೆ ಕುಣಿಯ ಕಡೆ ಕಣ್ಣು ಹಾಯಿಸಿದ. ಬೆಳಿಗ್ಗೆಯಿಂದ ಮೇಲೆ ಕೂತು, ಕಂಡಿಯಿಂದ ಅವಳ ಮಡಿಲನ್ನೇ ನೋಡುತ್ತಿದ್ದವನಿಗೆ ಬಿಳಿ ಉಂಡೆ ಎಷ್ಟಿತ್ತು, ಎಲ್ಲಿ ಹೋಯಿತು ಎಂದು ಯಾರೂ ಹೇಳಬೇಕಿರಲಿಲ್ಲ.

"ಸಾಲದೆ ಇದ್ರೆ ಏನು ಮಾಡೋಕಾಗುತ್ತೆ," ಎಂದ. ಮೀಸೆಯ ಕೆಳಗೆ ಏನೋ ಅಲುಗಾಡಿತು. "ಮುಂದಿನ ಸಲ ಉಣ್ಣೆ ಕತ್ತರಿಸೋವಾಗ ಬಂದು ವಿಚಾರಿಸ್ಲಾ?"

"ನೀವು ಕೇಳಬಾರದು ಅಲ್ವಾ? ಕಂಡಿ ಕೇಳುತ್ತೆ ಅಂದಿದ್ರಿ."

"ಅಪ್ಪನ ಕಾಲದ ಮಾತು ಅದು. ನಾನು ಟೀ ಕುಡಿಯೋಕೆ ಬರ್ತೀನಿ. ಬಾಕಿ ಇರೋ ಮನೇಲಿ ಟೀ ಕೇಳಬಹುದು."

ಅವನು ಮತ್ತೆ ಹತ್ತಿದ. ಕಂಡಿಯಲ್ಲಿ ಅವನ ಕೈಗಳಷ್ಟೇ ಕಂಡವು. ಹಳೆಯ ರೀಪಿನ ತುಂಡಿನ ಸಮೇತ ತೆಗೆದಿರಿಸಿದ್ದ ಹಗ್ಗವನ್ನು ಬಿಚ್ಚಿ ಹೊಸ ರೀಪಿಗೆ ಸುತ್ತಿ, ಒಂದು ಗಂಟು ಹಾಕಿ, ಜಗ್ಗಿ ನೋಡಿದವು. ಆಮೇಲೆ ಮಳೆಯ ಹಲಗೆಯನ್ನು ಮತ್ತೆ ಕೂರಿಸಿ, ಅತ್ತಿತ್ತ ಸರಿಸಿ ನೋಡಿದವು. "ಇದರ ಹಗ್ಗ ಸವೆದಿದೆ ಅಕ್ಕಾ, ಮಳೆಗೆ ಮೊದಲು ಬದಲಾಯಿಸಿಬಿಡಿ," ಎಂದು ಧ್ವನಿ ಇಳಿದು ಬಂತು.

ತಮ್ಮ ಹಾಸಿಗೆಯ ಸುರುಳಿ ಹೊತ್ತುಕೊಂಡು ಒಳಗೆ ಬಂದವನು ತಲೆ ಎತ್ತಿ ನೋಡಿ ನಿಂತ. "ಇದೇನಿದು? ಇಷ್ಟೆಲ್ಲ ಮಾಡಿ ಮತ್ತೆ ಒಂದು ಹೆಂಚು ಬಿಟ್ಟೇ ಹೋಗ್ತಾ ಇದಾನಲ್ಲ!"

"ನಾವು ಬಾಕಿ ಇದೀವಿ ಕಣೋ," ಎಂದಳು ಕಂಬಳಿಯಕ್ಕ. ಜೀವಮಾನದಲ್ಲಿ ಆ ಮಾತನ್ನು ಅಷ್ಟು ಹಗುರಾಗಿ ಅವಳು ಆಡಿರಲಿಲ್ಲ.

ಕೊನೆಯ ಹೆಂಚು ಮೇಸ್ತ್ರಿಯ ಜೊತೆ ಇಳಿದು ಬಂದು ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಿತು. ಮರಿಬೆಕ್ಕು ಕರಿ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಉರಿಯುವ ಬಿಸಿಲಿನಲ್ಲಿ ಏಣಿ ಹೊತ್ತು ಹೊರಟ. ಬೀದಿಯ ತಿರುವಿನಲ್ಲಿ ನಿಂತು, ಕಂಬಳಿಯ ಒಂದು ತುದಿ ಎತ್ತಿ ನೋಡಿದ, ಇನ್ನೊಂದು ತುದಿ ಎತ್ತಿ ನೋಡಿದ. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ:

"ಅಕ್ಕಾ! ಇದರಲ್ಲಿ ತಲೆ ಯಾವ ಕಡೆ?"

"ಗೊತ್ತಾಗೋವರೆಗೂ ಹೊದ್ಕೊಂಡಿರಿ," ಎಂದು ಇವಳೂ ಕೂಗಿ, ಕುಣಿಗೆ ಇಳಿದಳು. ಬೆಳಕು ಅಲ್ಲಿ ಆಗಲೇ ಬಂದು ಕೂತು ಕಾಯುತ್ತಿತ್ತು.